ದ್ರಾಕ್ಷಿ ಚಪ್ಪರಕ್ಕೆ ಕಟ್ಟಿದ ಹಾಡು

ಊಟದ ಬಿಡುವಿನಲ್ಲಿ ಚಂದನ ಹಸನ್ ಭಾಯಿಯ ಗುಜರಿ ಅಂಗಡಿಗೆ ಓಡೋಡಿ ಬರುವ ಹೊತ್ತಿಗೆ ಅವಳ ಸಿಡಿ ಮೂಟೆ ಬೇರೆ ಯಾರದೋ ಬೈಕಿನ ಹಿಂದಿನ ಸೀಟಿನ ಮೇಲೆ ಕೂತಿತ್ತು.

ಅವಳ ಮೂಟೆ ಅನ್ನುವುದು ಅವಳದೇ ಲೆಕ್ಕ. ಬೆಳಿಗ್ಗೆ ಹಸನ್ ಭಾಯಿ ಫೋನ್ ಮಾಡಿ, "ಮೇಡಂ, ಸಿಡಿ ಬಾಡಿಗೆಗೆ ಕೊಡ್ತಿದ್ದ ಅಂಗಡಿಯೋರು ಗೋಡೌನ್ ಖಾಲಿ ಮಾಡವ್ರೆ. ಒಂದು ಮೂಟೆ ಬಂದಿದೆ, ಹಾಡಿಂದೇ ಜಾಸ್ತಿ," ಅಂದ ಗಳಿಗೆಯಿಂದ ಅದು ಅವಳದಾಗಿಬಿಟ್ಟಿತ್ತು. ಲ್ಯಾಬಿನಲ್ಲಿ ಬಂದವರ ತೋಳಿಗೆ ರಬ್ಬರ್ ಪಟ್ಟಿ ಕಟ್ಟುವಾಗಲೂ ಅವಳ ಮನಸ್ಸು ಹಳೆ ಮದ್ರಾಸ್ ರಸ್ತೆಯ ಆ ತಗಡಿನ ಶೆಡ್ಡಿನಲ್ಲೇ ಇತ್ತು.

"ರೀ, ಒಂದ್ನಿಮಿಷ! ಆ ಮೂಟೆ ನಂದು."

ಹಗ್ಗ ಬಿಗಿಯುತ್ತಿದ್ದವನು ತಿರುಗಿದ. ಮೂವತ್ತರ ಆಸುಪಾಸು. ಮಡಚಿದ ತೋಳಿನ ಬಿಳಿ ಅಂಗಿಯ ತುಂಬ ಔಷಧಿ ಹೊಡೆದ ನೀಲಿ ಚುಕ್ಕೆಗಳು.

"ನಿಮ್ದಾ? ದುಡ್ಡು ನಾನ್ ಕೊಟ್ಟೆನಲ್ಲ ಮೇಡಂ."

"ಹಸನ್ ಭಾಯಿ!"

ಹಸನ್ ಭಾಯಿಗೆ ಆಗಲೇ ಒಂದು ಹಳೆಯ ಫ್ಯಾನಿನ ರೆಕ್ಕೆ ಬಿಚ್ಚುವ ತುರ್ತು ಕೆಲಸ ನೆನಪಾಗಿತ್ತು. "ನೀವು ಬೆಳಿಗ್ಗೇನೇ ಬರ್ತೀನಿ ಅಂದ್ರಿ. ಬರ್ಲಿಲ್ಲ. ಇವ್ರು ಬಂದ್ರು," ಎಂದರು ತಲೆ ಎತ್ತದೆ.

"ಫಾಸ್ಟಿಂಗ್ ಶುಗರ್‌ಗೆ ಜನ ಹೊಟ್ಟೆ ಹಸ್ಕೊಂಡು ಕ್ಯೂ ನಿಂತಿರ್ತಾರೆ ಭಾಯಿ. ಬಿಟ್ಟು ಬರೋಕಾಗುತ್ತಾ?" ಚಂದನ ಮೂಟೆಯ ಬಾಯಿಂದ ಇಣುಕುತ್ತಿದ್ದ ಸಿಡಿಯೊಂದನ್ನು ಎಳೆದು ನೋಡಿದಳು. ರಂಗಗೀತೆ. "ಇಷ್ಟೊಂದು ತಗೊಂಡು ಏನ್ರೀ ಮಾಡ್ತೀರಾ?"

"ದ್ರಾಕ್ಷಿ ತೋಟ ಇದೆ. ಅಲ್ಲಿ ಹಾಕ್ತೀವಿ."

ಅವಳ ಕೋಪ ಅಲ್ಲೇ ಅರ್ಧ ಇಳಿಯಿತು. ಗಿಡಗಳಿಗೆ ಸಂಗೀತ ಕೇಳಿಸಿದರೆ ಚೆನ್ನಾಗಿ ಬೆಳೆಯುತ್ತವೆ ಎಂದು ಎಲ್ಲೋ ಓದಿದ್ದಳು. ನಮ್ಮ ಕಡೆಯ ರೈತನೊಬ್ಬ ಬಳ್ಳಿಗಳಿಗೆ ರಂಗಗೀತೆ ಹಾಕುತ್ತಾನೆಂದರೆ!

"ದಿನಾ ಹಾಕ್ತೀರಾ?"

"ದಿನಾ ಯಾಕೆ? ಒಂದ್ಸಲ ಹಾಕಿದ್ರೆ ಕಟಾವು ಮುಗಿಯೋವರ್ಗೂ ಇರುತ್ತೆ."

"ಹಗಲೂ ರಾತ್ರಿನಾ?"

"ರಾತ್ರಿ ಏನ್ ಪ್ರಯೋಜನ ಮೇಡಂ? ಬಿಸಿಲಿದ್ರೇನೇ ಅದರ ಕೆಲಸ."

ಬಳ್ಳಿಗಳು ಬಿಸಿಲಿನಲ್ಲಷ್ಟೇ ಹಾಡು ಕೇಳುತ್ತವೇನೋ ಎಂದುಕೊಂಡಳು. ಇಷ್ಟು ರಸಿಕನಾದವನ ಹತ್ತಿರ ಜಗಳ ಆಡುವುದು ಹೇಗೆ? ನಿಜ ಹೇಳಿಬಿಟ್ಟಳು. ಮನೆಯಲ್ಲಿ ಅಜ್ಜಿ ಇದ್ದಾಳೆ, ಕಣ್ಣು ಕಾಣುವುದಿಲ್ಲ, ಅವಳಿಗೆ ಹಾಡು ಬೇಕು. ಅವನು ಹಗ್ಗ ಬಿಟ್ಟು ಕೇಳಿಸಿಕೊಂಡ. ಆಮೇಲೆ, "ಇದನ್ನೀಗ ಬಿಚ್ಚಿದ್ರೆ ರಸ್ತೆ ತುಂಬ ಚೆಲ್ಲುತ್ತೆ. ಭಾನುವಾರ ತೋಟಕ್ಕೆ ಬನ್ನಿ, ಬೇಕಾದ್ದು ಆರಿಸ್ಕೊಳ್ಳಿ. ರವಿಚಂದ್ರ ಅಂತ ನನ್ನ ಹೆಸರು. ಜಡಿಗೇನಹಳ್ಳೀಲಿ ಆವಲಪ್ಪನೋರ ತೋಟ ಅಂದ್ರೆ ಯಾರ್ ಬೇಕಾದ್ರೂ ತೋರಿಸ್ತಾರೆ," ಅಂದ.

ನಗು ಅವನ ತುಟಿಗಿಂತ ಮೊದಲು ಕಣ್ಣಿಗೆ ಬರುತ್ತಿತ್ತು. ಚಂದನ ಅದನ್ನು ಗಮನಿಸಿದಳು, ಗಮನಿಸಿದ್ದಕ್ಕೆ ತನ್ನ ಮೇಲೆಯೇ ಸ್ವಲ್ಪ ಸಿಟ್ಟು ಮಾಡಿಕೊಂಡು ಲ್ಯಾಬಿಗೆ ಮರಳಿದಳು.

ಅಜ್ಜಿ ಮುನಿವೆಂಕಟಮ್ಮ ವಯಸ್ಸಿನಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದವಳು. ಬಿಸಿನೀರಿನ ಬೋಗುಣಿಯ ಮುಂದೆ ಕೂತು, ಗೂಡಿನ ಎಳೆ ಹುಡುಕುತ್ತ, ಮೇಲೆ ಗೂಟಕ್ಕೆ ನೇತುಹಾಕಿದ್ದ ರೇಡಿಯೊ ಜೊತೆ ದನಿ ಸೇರಿಸಿ ಹಾಡುತ್ತಿದ್ದಳಂತೆ. ಕಣ್ಣಿನ ಒತ್ತಡದ ಕಾಯಿಲೆ ದೃಷ್ಟಿ ತೆಗೆದುಕೊಂಡಿತು. ಹಾಡಿನ ಹುಚ್ಚು ಮಾತ್ರ ಹಾಗೇ ಉಳಿಯಿತು. ಚಂದನ ಮೊದಲು ಫೋನಿನಲ್ಲೇ ಎಲ್ಲ ತುಂಬಿಕೊಟ್ಟಳು. ಆದರೆ ಆ ನುಣುಪು ಗಾಜಿನ ಮೇಲೆ ಅಜ್ಜಿಯ ಬೆರಳಿಗೆ ದಾರಿಯೇ ಸಿಗುತ್ತಿರಲಿಲ್ಲ. ಒಮ್ಮೆ ಹರಿಕಥೆ ಕೇಳಲು ಹೋಗಿ ಸಾಲ ಬೇಕಾ ಎಂದು ಫೋನ್ ಮಾಡಿದ್ದ ಯಾರೋ ಹುಡುಗಿಯ ಜೊತೆ ತುಂಬ ಹೊತ್ತು ಕಷ್ಟಸುಖ ಮಾತಾಡಿದ್ದಳು.

"ಒತ್ತಿದ್ರೆ ಟಕ್ ಅನ್ಬೇಕು ಮಗಾ. ಆಗ ಗೊತ್ತಾಯ್ತದೆ, ಒತ್ತಿದೀನಿ ಅಂತ," ಎಂದಳು ಅಜ್ಜಿ.

ಹಾಗೆ ಅಟ್ಟದ ಮೇಲಿದ್ದ ಸಿಡಿ ಪ್ಲೇಯರ್ ಕೆಳಗಿಳಿಯಿತು. ದಪ್ಪ ದಪ್ಪ ಗುಂಡಿಗಳು, ಒತ್ತಿದರೆ ಟಕ್. ಅಜ್ಜಿ ಒಂದೇ ದಿನದಲ್ಲಿ ಅದನ್ನು ಒಲಿಸಿಕೊಂಡಳು. ಮನೆಯಲ್ಲಿದ್ದ ಸಿಡಿಗಳು ಮಾತ್ರ ಗೀರು ಬಿದ್ದು, ಹಾಡಿದ ಸಾಲನ್ನೇ ಹಾಡಿ ಹಾಡಿ ನಿಂತುಬಿಡುತ್ತಿದ್ದವು. ಹೊಸಕೋಟೆಯ ಕ್ಯಾಸೆಟ್ ಅಂಗಡಿಗಳೆಲ್ಲ ಮೊಬೈಲ್ ಕವರ್ ಅಂಗಡಿಗಳಾಗಿದ್ದವು. ಆನ್‌ಲೈನಿನಲ್ಲಿ ಅದೇ ಹಳೆಯ ಸಿಡಿಗೆ 'ಅಪರೂಪದ್ದು' ಅಂತ ಹೆಸರಿಟ್ಟು, ಎರಡು ಸಿಡಿಗೆ ಒಂದು ಮಿಕ್ಸಿ ಬರುವಷ್ಟು ರೇಟು. ಅವಳ ಸಂಬಳಕ್ಕೆ ಒಗ್ಗುವುದು ಗುಜರಿ ಅಂಗಡಿಯೊಂದೇ.

ಭಾನುವಾರ ಸ್ಕೂಟಿಯಲ್ಲಿ ಹೊರಟಳು. ಜನವರಿಯ ಎಳೆ ಬಿಸಿಲು. ಜಡಿಗೇನಹಳ್ಳಿ ದಾಟಿ ಮಣ್ಣಿನ ದಾರಿಗೆ ಇಳಿಯುವಾಗಲೇ ದೂರದ ತೋಟವೊಂದು ಮಿಣಮಿಣ ಹೊಳೆಯುತ್ತಿತ್ತು. ಗಾಳಿ ಬಂದಾಗಲೆಲ್ಲ ಚಪ್ಪರದ ತುಂಬ ಬಿಸಿಲು ಚೂರುಚೂರಾಗಿ ಕುಣಿಯುತ್ತಿತ್ತು. ಎಷ್ಟು ಚೆಂದ ಎಂದುಕೊಳ್ಳುತ್ತ ಗಾಡಿ ನಿಲ್ಲಿಸಿದಳು. ಕಿವಿಗೊಟ್ಟಳು. ಹಾಡಿಲ್ಲ.

"ಬನ್ನಿ ಬನ್ನಿ," ಎಂದು ರವಿಚಂದ್ರ ಎದುರಾದ.

"ಇವತ್ತು ಹಾಡು ಹಾಕಿಲ್ವಾ?"

"ಯಾವ ಹಾಡು?"

"ಸಿಡಿ ಹಾಕ್ತೀವಿ ಅಂದ್ರಲ್ಲ."

"ಹಾಕಿದೀವಲ್ಲ," ಎಂದು ಅವನು ಹೆಮ್ಮೆಯಿಂದ ಮೇಲೆ ತೋರಿಸಿದ.

ಚಂದನ ತಲೆ ಎತ್ತಿದಳು. ಕಂಬ ಕಂಬಕ್ಕೆ ಎಳೆದ ತಂತಿಯ ಮೇಲೆ ಸಾಲು ಸಾಲಾಗಿ ಸಿಡಿಗಳು. ನಡುವಿನ ತೂತಿಗೆ ದಾರ ಪೋಣಿಸಿ ಕಟ್ಟಿದ್ದಾರೆ. ಹರಿಕಥೆ, ರಂಗಗೀತೆ, ಭಾವಗೀತೆ, ತತ್ವಪದ, ಎಲ್ಲವೂ ಬಿಸಿಲಿಗೆ ಮುಖ ಕೊಟ್ಟು ಗಿರಗಿರ ತಿರುಗುತ್ತಿವೆ.

"ಇದನ್ನ ನೇತು ಹಾಕೋದು ಅಂತಾರೆ ರೀ!"

ಅವಳ ದನಿಗೆ ಬಳ್ಳಿ ಸವರುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿದರು. ರವಿಚಂದ್ರ ಒಂದು ಗಳಿಗೆ ಪೆಚ್ಚಾದ. ಮರುಗಳಿಗೆ ಹಸನ್ ಭಾಯಿ ಅಂಗಡಿಯಲ್ಲಿ ಆಡಿದ ಮಾತೆಲ್ಲ ಅವನಿಗೆ ಹೊಳೆದಿರಬೇಕು, ಕಣ್ಣಲ್ಲಿ ನಗು ಬಂತು. ತುಟಿಗೆ ಇಳಿಯದಂತೆ ತಡೆಯಲು ಬಹಳ ಕಷ್ಟಪಟ್ಟ.

"ಗಿಳಿ ಕಾಟ ಮೇಡಂ. ಗೊರವಂಕ, ಪಿಕಳಾರ, ಎಲ್ಲಾ ಬರ್ತವೆ. ಹಣ್ಣು ಬಣ್ಣ ತಿರುಗಿದ್ರೆ ಸಾಕು, ಗೊನೆ ಗೊನೆ ಕುಕ್ಕಿ ಹಾಳು ಮಾಡ್ತವೆ. ಇದರ ಮಿಂಚಿಗೆ ಹೆದರ್ತವೆ."

ಅವಳು ಕೈಗೆಟುಕಿದ ಒಂದನ್ನು ಹಿಡಿದು ತಿರುಗಿಸಿದಳು. "ಇದು ಹರಿಕಥೆ. ಗಿಳಿಗಳಿಗೆ ಹರಿಕಥೆ ತೋರಿಸ್ತಾ ಇದೀರಾ?"

"ಕೇಳೋವಷ್ಟು ತಾಳ್ಮೆ ಎಲ್ಲಿದೆ ಅವಕ್ಕೆ? ನೋಡಿಯೇ ಎದ್ದು ಹೋಗ್ತವೆ."

ನಗಬಾರದು ಎಂದು ಅವಳು ಎಲೆಗಳ ಕಡೆ ಮುಖ ತಿರುಗಿಸಿದಳು. ಭುಜ ಅಲುಗಿದ್ದು ಅವನಿಗೆ ಕಂಡೇ ಕಂಡಿತು.

ಕೊನೆಗೆ ಇಬ್ಬರೂ ಚಪ್ಪರದ ನೆರಳಲ್ಲಿ ಕೂತು ಒಪ್ಪಂದ ಮಾಡಿಕೊಂಡರು. ಅವಳು ಎಷ್ಟು ಹಾಡಿನ ಸಿಡಿ ಒಯ್ಯುತ್ತಾಳೋ ಅಷ್ಟೇ ಕೆಟ್ಟ ಸಿಡಿ ತಂದುಕೊಡಬೇಕು. "ಹಾಡದೇ ಇದ್ರೂ ಪರವಾಗಿಲ್ಲ, ಮಿಂಚಿದ್ರೆ ಸಾಕು," ಎಂದ ರವಿಚಂದ್ರ. ಅವತ್ತು ಅವಳು ಬರಿಗೈಲಿ ಬಂದಿದ್ದರಿಂದ ಹರಿಕಥೆಯೊಂದನ್ನು ಕಡ ಕೊಟ್ಟ.

ಅಂದಿನಿಂದ ಚಂದನ ಕೆಟ್ಟ ಸಿಡಿಗಳ ಬೇಟೆಗೆ ಇಳಿದಳು. ಲ್ಯಾಬಿನ ಪ್ರಿಂಟರುಗಳ ಜೊತೆ ಬಂದು ಯಾರೂ ಮುಟ್ಟದೆ ಬಿದ್ದಿದ್ದವು, ಪಕ್ಕದ ಕಂಪ್ಯೂಟರ್ ಕ್ಲಾಸಿನವು, ನೆಂಟರ ಮನೆ ಶೋಕೇಸಿನವು. ಊರಲ್ಲಿ ಎಲ್ಲರ ಮನೆಯಲ್ಲೂ ಒಂದೊಂದು ಓಡದ ಮದುವೆ ಸಿಡಿ ಇತ್ತು. ಭಾನುವಾರ ಅವುಗಳನ್ನು ತಂದು ಅವನ ಮುಂದೆ ಸುರಿಯುವಳು. ಅವನು ಒಂದೊಂದನ್ನೇ ಬಿಸಿಲಿಗೆ ಹಿಡಿದು ಪರೀಕ್ಷೆ ಮಾಡುವನು.

"ಇದು ಯಾರ ಮದುವೆ?"

"ನಮ್ಮ ಡಾಕ್ಟರದ್ದು. ಅವರೇ ಕೊಟ್ರು."

"ಇದನ್ನ ಬಿಸಿಲಿಗೆ ಕಟ್ಟಲ್ಲ. ತೊಂಡೆ ಬಳ್ಳಿ ಹತ್ರ ನೆರಳಿಗೆ ಕಟ್ತೀನಿ. ಮದುವೆ ಆದೋರು ತಣ್ಣಗಿರ್ಲಿ."

"ನಿಮಗ್ಯಾಕೆ ಬೇರೆಯವರ ಮದುವೆ ಚಿಂತೆ?"

"ನಮ್ದು ಆಗೋವರ್ಗೂ ಬೇರೆಯೋರದೇ ಚಿಂತೆ ಮೇಡಂ," ಅನ್ನುತ್ತ ಅವನು ದಾರಕ್ಕೆ ಗಂಟು ಹಾಕುವನು, ಅವಳತ್ತ ನೋಡದೆ. ನೋಡದೇ ಇರುವುದಕ್ಕೆ ಅಷ್ಟೊಂದು ಶ್ರಮಪಡುವವನನ್ನು ಚಂದನ ಬೇರೆ ಕಂಡಿರಲಿಲ್ಲ.

ವಾರದ ನಡುವೆ ಅವನ ಫೋನ್ ಬರತೊಡಗಿತು. ಔಷಧಿ ತರಲು, ಹಣ್ಣಿನ ಮಂಡಿಗೆ ಎಂದು ಸುತ್ತುವಾಗೆಲ್ಲ ಅವನ ಕಣ್ಣು ಈಗ ಸಿಡಿ ಹುಡುಕುತ್ತಿತ್ತು. "ನೆಲಮಂಗಲದಲ್ಲಿ ಲಾರಿ ನಿಲ್ಲೋ ಕಡೆ ಒಬ್ರು ಡ್ರೈವರ್‌ಗಳಿಗೆ ಪೆನ್‌ಡ್ರೈವ್ ಮಾರ್ತಾರೆ. ಬೆಂಚಿನ ಕೆಳಗೆ ಹಳೇ ಸ್ಟಾಕ್ ಇದೆ. ಟೀ ಕುಡಿಯೋ ದುಡ್ಡಿಗೆ ಒಂದು ಸಿಡಿ," ಎನ್ನುವನು. "ಸಿಟೀಲಿ ಭಾನುವಾರದ ಫುಟ್‌ಪಾತ್ ಸಂತೆಗೆ ಬೆಳಿಗ್ಗೆ ಬೇಗ ಹೋದ್ರೆ ರೇಟ್ ಜಾಸ್ತಿ, ಕಟ್ಟೋ ಹೊತ್ತಿಗೆ ಹೋಗ್ಬೇಕಂತೆ," ಎನ್ನುವನು. ಅವಳೂ ಮೆಡಿಕಲ್ ಸ್ಟೋರಿನವರು, ಬಸ್ಸಿನವರು, ಯಾರನ್ನೂ ಬಿಡದೆ ಕೇಳುವಳು. ಸಿಡಿಯ ಮಾತು ಎರಡು ನಿಮಿಷ, ಮಿಕ್ಕ ಮಾತು ಬಹಳ ಹೊತ್ತು.

ಅಜ್ಜಿಗೆ ಕಣ್ಣಿಲ್ಲದಿದ್ದರೂ ಕಿವಿ ಇತ್ತಲ್ಲ.

"ಸಿಡಿ ತರಕ್ಕೆ ಹೋದೋಳು ಹೊತ್ತು ಇಳಿಯೋವರ್ಗೂ ಏನ್ ಮಾಡ್ತಿದ್ದೆ ಮಗಾ?"

"ಆರಿಸ್ತಿದ್ದೆ ಅಜ್ಜಿ."

"ಹ್ಞೂಂ. ಆರ್ಸು, ಆರ್ಸು. ಚೆನ್ನಾಗಿ ನೋಡಿ ಆರ್ಸು. ಒಳ್ಳೇದು ಸಿಕ್ಕರೆ ಬಿಡಬ್ಯಾಡ," ಎಂದು ಅಜ್ಜಿ ಗುಂಡಿ ಟಕ್ಕೆನ್ನಿಸುವಳು. ಚಂದನಳ ಕಿವಿ ಬಿಸಿಯಾಗುವುದು.

ಫೆಬ್ರವರಿಯ ಮೊದಲ ವಾರ ಅವನು ಹುಮ್ಮಸ್ಸಿನಲ್ಲಿ ಫೋನ್ ಮಾಡಿದ. ದೊಡ್ಡಬಳ್ಳಾಪುರದಲ್ಲಿ ನಜೀಬುಲ್ಲಾ ಎಂಬ ಹಿರಿಯರದೊಂದು ಮ್ಯೂಸಿಕ್ ಸೆಂಟರ್ ಇದೆ. ಮುಂದೆ ಚಾರ್ಜರು, ಇಯರ್‌ಫೋನು. ಹಿಂದಿನ ಕೋಣೆಯಲ್ಲಿ ಮಾತ್ರ ಪ್ಯಾಕೆಟ್ಟೂ ಬಿಚ್ಚದ ಸಿಡಿಗಳು.

ಚಂದನ ಲ್ಯಾಬಿಗೆ ರಜೆ ಹಾಕಿದಳು. ಬಸ್ಸಿನಲ್ಲೇ ಹೋದರು. ಕಿಟಕಿ ಪಕ್ಕ ಅವಳು, ಪಕ್ಕದಲ್ಲಿ ಅವನು. ದೇವನಹಳ್ಳಿ ದಾಟುವವರೆಗೆ ಇಬ್ಬರ ನಡುವೆ ಅವಳ ಚೀಲ ಇತ್ತು. ಆಮೇಲೆ ಅದು ಅವಳ ಮಡಿಲಿಗೆ ಹೇಗೆ ಬಂತೋ, ಇಬ್ಬರಿಗೂ ಗೊತ್ತಿಲ್ಲ.

ನಜೀಬುಲ್ಲಾ ಸಾಹೇಬರು ಬಿಳಿ ಗಡ್ಡದ ನಿಧಾನಸ್ಥ. ಒಂದೊಂದು ಸಿಡಿಯನ್ನೂ ಬಟ್ಟೆಯಲ್ಲಿ ಒರೆಸಿ ಕೊಡುತ್ತಿದ್ದರು. ಕೇಳಿದ ರೇಟು ಚಂದನಳಿಗೆ ನಂಬಲಾಗದಷ್ಟು ಕಡಿಮೆ. ಆದರೆ ಒಂದು ಷರತ್ತು ಇತ್ತು.

"ಹೋದ ವರ್ಷ ಒಬ್ಬ ಬಂದು ರಾಶಿ ತಗೊಂಡೋದ. ಆಮೇಲೆ ನೋಡ್ತೀನಿ, ಅವನ ಗದ್ದೇಲಿ ನೇತಾಡ್ತಾ ಇದೆ!" ಎಂದರು ನೋವಿನಿಂದ. "ಕೇಳೋರಿಗೆ ಮಾತ್ರ ಕೊಡ್ತೀನಿ ಬೇಟಾ. ಯಾರಿಗೆ ಇದು?"

ಚಂದನ ತುಟಿ ಕಚ್ಚಿಕೊಂಡು ರವಿಚಂದ್ರನ ಕಡೆ ನೋಡಿದಳು. ಅವನ ಹಣೆಯಲ್ಲಿ ಬೆವರು.

"ನಮ್ಮಜ್ಜಿಗೆ ಸಾಹೇಬ್ರೇ. ಕಣ್ಣು ಕಾಣಲ್ಲ ಅವ್ರಿಗೆ. ಹಾಡಿದ್ರೇನೇ ನಮ್ಮ ಮನೇಲಿ ಬೆಳಗಾಗೋದು," ಎಂದ ಒಂದೇ ಉಸಿರಿಗೆ.

ಸಾಹೇಬರು ಇಬ್ಬರನ್ನೂ ನೋಡಿ, "ಮನೆಯೋರಾ? ಅಲ್ಲಾ ಸುಖವಾಗಿಡ್ಲಿ," ಎಂದು ಚೀಲ ತುಂಬಿಸಿದರು. ಇಬ್ಬರೂ ಅಲ್ಲ ಎನ್ನಲಿಲ್ಲ.

ಬಸ್ ಸ್ಟ್ಯಾಂಡಿನವರೆಗೂ ಚಂದನ ಸಿಡಿ ಚೀಲವನ್ನು ಎದೆಗೊತ್ತಿಕೊಂಡು ನಡೆದಳು. ಆಮೇಲೆ, "ಯಾರ ಅಜ್ಜಿ?" ಅಂದಳು.

"ಬಾಯಿ ತಪ್ಪಿ ಬಂತು."

"ಯಾರ ಮನೇಲಿ ಬೆಳಗಾಗೋದು?"

"ಅದೂ ಬಾಯಿ ತಪ್ಪಿ."

"ನಿಮ್ಮ ಬಾಯಿ ತುಂಬ ತಪ್ಪುತ್ತಪ್ಪ," ಎಂದು ಅವಳು ಮುಂದೆ ನಡೆದಳು. ಎಲ್ಲಿ ನೋಡಿದರೂ ಕೆಂಪು ಬಸ್ಸು, ಧೂಳು, ಕಬ್ಬಿನ ಹಾಲಿನ ಗಾಡಿ. ಅವಳಿಗೆ ಎಲ್ಲವೂ ಈಗತಾನೇ ತೊಳೆದಿಟ್ಟ ಹಾಗೆ ಕಂಡವು.

ಮುಂದಿನ ಭಾನುವಾರ ಅವಳು ಹೇಳದೆ ಕೇಳದೆ ಎಂದಿಗಿಂತ ಬೇಗ ತೋಟಕ್ಕೆ ಹೋದಳು. ರವಿಚಂದ್ರ ಮಂಡಿಗೆ ಹೋಗಿದ್ದ. ಅವನ ತಂದೆ ಆವಲಪ್ಪ ಬುಟ್ಟಿಗಳ ನಡುವೆ ಕೂತು ಕತ್ತರಿಯಿಂದ ಗೊನೆ ಬಿಡಿಸುತ್ತಿದ್ದರು. ಒಂದು ಕಡೆ ಒಳ್ಳೆಯ ಹಣ್ಣು. ಇನ್ನೊಂದು ಕಡೆಯ ರಾಶಿ ಕಂಡು ಅವಳ ಹೆಜ್ಜೆ ನಿಂತಿತು. ಕಪ್ಪು ನೀಲಿ ಹಣ್ಣುಗಳೆಲ್ಲ ಒಡೆದು, ರಸ ಸೋರಿ, ನೊಣ ಮುತ್ತುತ್ತಿದ್ದವು.

"ಇದೇನಾಯ್ತು ಯಜಮಾನ್ರೇ?"

"ಗಿಳಿ ತಾಯಿ. ಹಳ್ಳದ ಕಡೆ ನಾಲ್ಕು ಸಾಲು ಪೂರ್ತಿ ಹೋಯ್ತು," ಎಂದರು ಆವಲಪ್ಪ. ದನಿಯಲ್ಲಿ ದೂರು ಇರಲಿಲ್ಲ. "ಆ ಕಡೆ ಕಟ್ಟಿದ್ದ ಸಿಡೀನೆಲ್ಲ ಇವ್ನು ಬಿಚ್ಕೊಂಡು ಬಂದ್ಬಿಟ್ಟ. ಒಂದೊಂದಾಗಿ ಕೊಟ್ರೆ ಅಷ್ಟ್ರಲ್ಲಿ ಬಿಸಿಲಿಗೆ ಹಾಡೆಲ್ಲ ಸುಟ್ಟೋಗ್ತದಂತೆ. ಒಳಗೆ ಪೆಟ್ಟಿಗೇಲಿ ಜೋಡ್ಸವ್ನೆ, ಯಾರಿಗೋ ಕೊಡಕ್ಕೆ. ನಿಂಗೇನಾ?"

ಚಂದನ ತಾನು ತಂದ ಕೆಟ್ಟ ಸಿಡಿಗಳ ಚೀಲ ಕೆಳಗಿಟ್ಟು, ಇನ್ನೊಂದು ಕತ್ತರಿ ಎತ್ತಿಕೊಂಡು ಅವರ ಪಕ್ಕದಲ್ಲಿ ಕೂತಳು. ಹಾಳಾದ ಹಣ್ಣನ್ನು ಒಂದೊಂದಾಗಿ ಕತ್ತರಿಸಿ ತೆಗೆದರೆ ಕೆಲವು ಗೊನೆಗಳಾದರೂ ಉಳಿಯುತ್ತಿದ್ದವು. ದಿನವಿಡೀ ಜನರ ನರ ಹುಡುಕಿ ಪಳಗಿದ ಬೆರಳು, ಹಣ್ಣು ನಲುಗದಂತೆ ಕತ್ತರಿ ಆಡಿಸಿದವು. ಕಣ್ಣು ಮಾತ್ರ ಮಂಜಾಗುತ್ತಿತ್ತು.

ಖಾಲಿ ಟೆಂಪೊದಲ್ಲಿ ಬಂದಿಳಿದ ರವಿಚಂದ್ರ ಅವಳನ್ನು ಕಂಡು ಅಲ್ಲೇ ನಿಂತ. ಆವಲಪ್ಪ ಮಗನ ಮುಖ ನೋಡಿದರು, ಅವಳ ಮುಖ ನೋಡಿದರು, ಮೋಟರ್ ಆನ್ ಮಾಡಬೇಕೆಂದು ಎದ್ದು ಹೋದರು.

"ಯಾಕೆ ಹೇಳ್ಲಿಲ್ಲ?" ಎಂದಳು ಚಂದನ.

"ಹೇಳೋವಂಥದ್ದೇನಲ್ಲ."

"ನಾಲ್ಕು ಸಾಲು ಹೋಗಿದೆ. ನಾನು ಪ್ರತಿ ವಾರ ಬಂದು ನಗಾಡ್ಕೊಂಡು ಹೋಗ್ತಿದ್ದೆ. ನೀವು ಒಂದು ಮಾತು ಆಡ್ಲಿಲ್ಲ."

ಅವನು ಬುಟ್ಟಿಗಳ ಪಕ್ಕ ಕೂತ. ಈ ಸಲ ಕಣ್ಣಲ್ಲಿ ನಗು ಇರಲಿಲ್ಲ. "ಹೇಳಿದ್ರೆ ನೀವು ಬರೋದು ನಿಲ್ಲಿಸ್ಬಿಡ್ತಿದ್ರಿ. ನಿಮ್ಮಿಂದ ನಮಗೆ ನಷ್ಟ ಅಂದ್ಕೊಂಡು. ನಂಗೆ ಭಾನುವಾರ ಬೇಕಿತ್ತು."

"ಭಾನುವಾರ?"

"ನೀವು," ಎಂದ. ಎಂದವನೇ ತನ್ನ ಕೈಯನ್ನು ನೋಡುತ್ತ ಕೂತ. "ದೊಡ್ಡಬಳ್ಳಾಪುರದಲ್ಲಿ ಬಾಯಿ ತಪ್ಪಿರ್ಲಿಲ್ಲ. ಅಲ್ಲಿ ಹೇಳಿದ್ದೇ ನಿಜ. ನಿಮಗೆ ಇಷ್ಟ ಇಲ್ಲ ಅಂದ್ರೂ ಸಿಡಿ ಕೊಡ್ತೀನಿ. ಅಜ್ಜಿಗೆ ಬೇಜಾರಾಗಬಾರ್ದು."

ಮೋಟರ್ ಶುರುವಾಗಿ ಕಾಲುವೆಯಲ್ಲಿ ನೀರು ಹರಿಯತೊಡಗಿತು. ಚಂದನ ಕತ್ತರಿ ಕೆಳಗಿಡಲಿಲ್ಲ. ಕೈಯಲ್ಲಿದ್ದ ಗೊನೆ ಮುಗಿಸಿ, ಒಳ್ಳೆಯ ಬುಟ್ಟಿಗೆ ಇಟ್ಟು, ಲ್ಯಾಬಿನಲ್ಲಿ ರಿಪೋರ್ಟ್ ಕೊಡುವಾಗಿನ ಹಾಗೆ ಗಂಭೀರವಾಗಿ ಅವನ ಮುಂದೆ ಬಂದು ನಿಂತಳು.

"ಒಂದು ಮಾತು ಕೇಳಿ. ನಂಗೆ ಸಿಹಿ ಮಾತ್ರ ಕೊಟ್ಟು ಕಹಿ ಮುಚ್ಚಿಡೋರು ಬೇಡ. ನಷ್ಟ ಆದ್ರೆ ಮೊದ್ಲು ನಂಗೆ ಹೇಳ್ಬೇಕು. ಗಿಳಿ ಬಂದ್ರೂ ಹೇಳ್ಬೇಕು, ಹುಷಾರಿಲ್ದೇ ಇದ್ರೂ ಹೇಳ್ಬೇಕು. ಅದಕ್ಕೆ ಒಪ್ಪಿದ್ರೆ..."

"ಒಪ್ಪಿದ್ರೆ?"

"ಕಟಾವು ಮುಗಿದ್ಮೇಲೆ ಮನೆಯೋರನ್ನ ಕರ್ಕೊಂಡು ಬನ್ನಿ." ಹೇಳಿ ಮುಗಿಸುವಷ್ಟರಲ್ಲಿ ಅವಳ ಗಂಭೀರ ಮುಖ ಎಲ್ಲಿ ಹೋಯಿತೋ. "ಈಗ ಏಣಿ ಎಲ್ಲಿದೆ ತೋರಿಸಿ. ಆ ಚೀಲದಲ್ಲಿ ಇರೋದನ್ನೆಲ್ಲ ಹಳ್ಳದ ಕಡೆ ಕಟ್ಬೇಕು. ಮಿಕ್ಕ ಹಣ್ಣಾದ್ರೂ ಉಳೀಲಿ."

ರವಿಚಂದ್ರನ ಕಣ್ಣಿಗೆ ನಗು ಬಂತು, ತುಟಿಗೂ ಬಂತು, ಈ ಸಲ ಅವನು ತಡೆಯಲಿಲ್ಲ. ಅವಳು ದಾರ ಪೋಣಿಸಿ ಕೊಟ್ಟಳು, ಅವನು ಏಣಿ ಹತ್ತಿ ಕಟ್ಟಿದ. ಕೊಡುವಾಗ ಬೆರಳಿಗೆ ಬೆರಳು ತಾಗಿದರೆ ಇಬ್ಬರೂ ದಾರದ ಮೇಲೆ ತಪ್ಪು ಹೊರಿಸುತ್ತಿದ್ದರು.

ಮಾರ್ಚಿನಲ್ಲಿ ಕಟಾವು ಮುಗಿಯಿತು. ಒಂದು ಗುರುವಾರ ಬೆಳಿಗ್ಗೆ ಆವಲಪ್ಪ, ಅವರ ಹೆಂಡತಿ, ರವಿಚಂದ್ರ ಮೂವರೂ ಹೊಸಕೋಟೆಗೆ ಬಂದರು. ಚಂದನಳ ತಂದೆ ಗೋವಿಂದರಾಜು ಫ್ಯಾಕ್ಟರಿಗೆ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾದಿದ್ದರು. ಜಮೀನು, ನೀರು, ಬಂಧು ಬಳಗದ ಮಾತೆಲ್ಲ ನಡೆಯಿತು. ಅಷ್ಟು ಹೊತ್ತೂ ಮೂಲೆಯ ಕುರ್ಚಿಯಲ್ಲಿ ಕಿವಿಗೊಟ್ಟು ಕೂತಿದ್ದ ಮುನಿವೆಂಕಟಮ್ಮ ಕೋಲು ಕುಟ್ಟಿದಳು.

"ಹುಡುಗ ಎಲ್ಲಿ ಕೂತವ್ನೆ?"

"ಇಲ್ಲೇ ಇದೀನಿ ಅಜ್ಜಿ," ಎಂದು ರವಿಚಂದ್ರ ಎದ್ದು ಹೋಗಿ ಅವಳ ಕಾಲ ಬಳಿ ಕೂತ. ಅಜ್ಜಿ ಅವನ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದು, ಬೆರಳು ಬೆರಳನ್ನೂ ತಡವಿ ನೋಡಿದಳು.

"ಕೆಲಸ ಮಾಡೋ ಕೈ. ಹಾಡಕ್ಕೆ ಬರ್ತದಾ?"

"ಇಲ್ಲ ಅಜ್ಜಿ. ಒಂದು ಸಾಲೂ ಬರಲ್ಲ."

"ಬಾಯಿ ಮುಚ್ಕೊಂಡು ಕೇಳಕ್ಕೆ ಬರ್ತದಾ?"

"ಅದು ಬರುತ್ತೆ."

"ಅಷ್ಟು ಸಾಕು ಬಿಡಪ್ಪ. ನಮ್ಮ ಹುಡುಗಿಗೆ ಮಾತು ಜಾಸ್ತಿ," ಎಂದಳು ಅಜ್ಜಿ.

ಮನೆಯೆಲ್ಲ ಗೊಳ್ಳೆಂದು ನಕ್ಕಿತು. ಕಾಫಿ ಲೋಟಗಳ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಚಂದನ, "ಅಜ್ಜೀ!" ಎಂದು ಕೂಗಿ, ಎಲ್ಲರಿಗೂ ಕೊಡುತ್ತ ಬಂದು ಕೊನೆಯ ಲೋಟವನ್ನು ಅವನ ಮುಂದೆ ಹಿಡಿದಳು. ಇಷ್ಟು ದಿನದ ಬಹುವಚನ ಆ ಗಳಿಗೆ ಅವಳ ನಾಲಿಗೆಗೆ ಸಿಗಲೇ ಇಲ್ಲ.

"ತಗೋ ರವಿ. ಬಿಸಿ ಇದೆ, ನಿಧಾನ," ಎಂದುಬಿಟ್ಟಳು.

ಇಡೀ ಮನೆ ಕೇಳಿಸಿಕೊಂಡಿತು. ಅವಳ ಮುಖ ಕೆಂಪಾಯಿತು, ಅವನದು ಅದಕ್ಕಿಂತ ಕೆಂಪಾಯಿತು. ಅವನು ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡ. ಆವಲಪ್ಪ ಹೆಂಡತಿಯ ಕಡೆ ತಿರುಗಿ, ಏಪ್ರಿಲ್ಲಿನಲ್ಲಿ ಒಳ್ಳೆಯ ಮುಹೂರ್ತ ಯಾವಾಗಿದೆಯೋ ಕೇಳಿಸಬೇಕು ಎಂದರು.